ಖಾಲಿ ಕೈಯ ಲೆಕ್ಕ

ಐವತ್ತೆರಡು ಇಸ್ಪೀಟ್ ಎಲೆಗಳಿಂದ ಮೂರನ್ನು ಹಂಚಿದರೆ ಆಗಬಹುದಾದ ಕೈಗಳು ಒಟ್ಟು 22,100. ಮೂರೂ ಎಲೆ ಒಂದೇ ಆಗಿರುವ ‘ಟ್ರೇಲ್’ ಇವುಗಳಲ್ಲಿ ಬರೀ 52. ಒಂದೇ ಬಣ್ಣದ ಸಾಲು 48, ಬಣ್ಣ ಬೆರೆತ ಸಾಲು 720, ಬರೀ ಕಲರ್ 1,096, ಜೋಡಿ 3,744. ಉಳಿದ 16,440 ಕೈಗಳಲ್ಲಿ ಏನೂ ಇರುವುದಿಲ್ಲ. ಎಕ್ಕವೋ ರಾಜನೋ ಸಿಕ್ಕಿದ್ದರೆ ಅದೇ ಪುಣ್ಯ. ನೂರಕ್ಕೆ ಎಪ್ಪತ್ತನಾಲ್ಕು ಸಲ ಕೈ ಖಾಲಿ. ಎದುರಿಗೆ ಕೂತವನ ಪಾಡೂ ಅದೇ. ಇಬ್ಬರೇ ಆಡುತ್ತಿದ್ದರೆ, ಅರ್ಧಕ್ಕಿಂತ ಹೆಚ್ಚು ಸಲ ಇಬ್ಬರ ಹತ್ತಿರವೂ ಏನೂ ಇರುವುದಿಲ್ಲ. ಆದರೂ ನಡುವೆ ಹಣ ಬಿದ್ದಿರುತ್ತದೆ, ಅದು ಯಾರಾದರೊಬ್ಬರ ಪಾಲಾಗಬೇಕು.

ಯಾರ ಪಾಲಾಗಬೇಕೆಂದು ತೀರ್ಮಾನಿಸುವುದು ಬ್ಲಫ್, ಅಂದರೆ ಇಲ್ಲದ ಎಲೆಯನ್ನು ಇದೆಯೆಂದು ನಂಬಿಸುವಂತೆ ಹಣ ಕಟ್ಟುವುದು. ನಮ್ಮ ಮೂರೆಲೆ ಆಟವಿರಲಿ, ಪಶ್ಚಿಮದ ಪೋಕರ್ ಇರಲಿ, ಒಳ್ಳೆಯ ಎಲೆ ಬಂದವನೇ ಪ್ರತಿಸಲ ಗೆಲ್ಲುವುದಾದರೆ ಅದು ಆಟವಾಗುವುದಿಲ್ಲ, ಲಾಟರಿಯಾಗುತ್ತದೆ. ಬ್ಲಫ್ ಎಂದೊಡನೆ ಸಿನಿಮಾ ನೋಡಿದವರ ಕಣ್ಣಿಗೆ ಕಟ್ಟುವುದು ಕಪ್ಪು ಕನ್ನಡಕ, ಕಲ್ಲಿನಂಥ ಮುಖ, ಮೇಜಿನ ನಡುವೆ ತಳ್ಳಿದ ನೋಟಿನ ರಾಶಿ. ಧೈರ್ಯವಿದ್ದವನ ಕೆಲಸ ಅದು ಎಂಬ ನಂಬಿಕೆ ಗಟ್ಟಿಯಾಗಿದೆ. ಈ ಆಟವನ್ನು ಹತ್ತಿರದಿಂದ ಬಲ್ಲವರನ್ನು ಕೇಳಿದರೆ ಅವರು ಮುಖದ ಮಾತನ್ನೇ ಎತ್ತುವುದಿಲ್ಲ. ಎರಡೇ ಪ್ರಶ್ನೆ ಕೇಳುತ್ತಾರೆ: ಎದುರಾಳಿ ನಂಬುವುದಕ್ಕೆ ಏನು ಕಾರಣವಿದೆ? ನಂಬದಿದ್ದರೆ ಅವನು ಎಷ್ಟು ತೆರಬೇಕಾಗುತ್ತದೆ?

ಮೊದಲನೆಯ ಪ್ರಶ್ನೆಗೆ ಪುಣೆಯಲ್ಲಿ ಕೂತು ಉತ್ತರ ಹುಡುಕುವವರು ಕಸಬಾ ಪೇಟೆಯ ಲಾಲ್ ಮಹಲ್‌ವರೆಗೆ ಹೋದರೆ ಸಾಕು. ಈಗ ಅಲ್ಲಿರುವುದು ಮಹಾನಗರಪಾಲಿಕೆ ಕಳೆದ ಶತಮಾನದ ಕೊನೆಯ ಭಾಗದಲ್ಲಿ ಕಟ್ಟಿಸಿದ ಕಟ್ಟಡ. ಶಿವಾಜಿ ಹುಡುಗನಾಗಿದ್ದಾಗ ಬೆಳೆದ ಮೂಲ ಮನೆಯಲ್ಲಿ 1660ರಿಂದ ಬಿಡಾರ ಹೂಡಿದ್ದವನು ಔರಂಗಜೇಬನ ಸೋದರಮಾವ ಶಾಯಿಸ್ತಾ ಖಾನ್. ಸುತ್ತ ಮೊಗಲರ ದೊಡ್ಡ ಸೈನ್ಯ. 1663ರ ಏಪ್ರಿಲ್ 5ರ ರಾತ್ರಿ, ರಮ್ಜಾನ್ ತಿಂಗಳಲ್ಲಿ, ಶಿವಾಜಿ ಕೆಲವೇ ನೂರು ಜನರೊಂದಿಗೆ ಆ ಬಿಡಾರದ ಒಳಗೆ ಬಂದ. ಗೋಡೆ ಹಾರಿ ಬರಲಿಲ್ಲ, ನಡೆದುಕೊಂಡೇ ಬಂದ. ಮದುವೆ ದಿಬ್ಬಣ ಎಂದು ಹೇಳಿ ಕೋತವಾಲನಿಂದ ಪರವಾನಗಿ ಪಡೆದು, ವಾದ್ಯದೊಂದಿಗೆ ಒಂದು ಗುಂಪು ಊರೊಳಗೆ ಸೇರಿತು ಎಂದು ಮೊಗಲ್ ಇತಿಹಾಸಕಾರ ಖಾಫಿ ಖಾನ್ ಬರೆದಿದ್ದಾನೆ. ಇತಿಹಾಸಕಾರ ಜದುನಾಥ ಸರ್ಕಾರ್ ಕೊಡುವ ವಿವರ ಇನ್ನೊಂದು: ಕಾವಲಿನವರು ತಡೆದು ಕೇಳಿದಾಗ, ‘ನಾವು ಬಾದಶಾಹಿ ಸೈನ್ಯದ ದಖ್ಖನಿ ಸಿಪಾಯಿಗಳೇ, ನಮ್ಮ ನಮ್ಮ ಜಾಗಕ್ಕೆ ಹೋಗುತ್ತಿದ್ದೇವೆ’ ಎಂದು ಹೇಳಿದರಂತೆ. ಒಳಗೆ ಹೋದ ಮೇಲೆ ಅಡುಗೆಮನೆಯ ಕಡೆಯ ಗೋಡೆ ಒಡೆಯುವ ಸದ್ದು ಕೇಳಿಸದಂತೆ ನಗಾರಿಖಾನೆಗೆ ಹೋಗಿ, ಖಾನ್ ಸಾಹೇಬರ ಅಪ್ಪಣೆಯಾಗಿದೆ, ಬಾರಿಸಿ ಎಂದರಂತೆ. ಖಾನನ ಮಗ ಸತ್ತ, ಖಾನ್ ಕೈಬೆರಳು ಕಳೆದುಕೊಂಡು ಜೀವ ಉಳಿಸಿಕೊಂಡ. ಔರಂಗಜೇಬ ಅವನನ್ನು ಬಂಗಾಳಕ್ಕೆ ಎತ್ತಂಗಡಿ ಮಾಡಿದ.

ಎರಡು ವಿವರಗಳಲ್ಲಿ ಯಾವುದನ್ನು ಒಪ್ಪಿದರೂ ಒಳಗಿನ ತಂತ್ರ ಒಂದೇ. ಮೊಗಲರ ಬಿಡಾರದಲ್ಲಿ ಮರಾಠ ಸಿಪಾಯಿಗಳು ನಿಜವಾಗಿಯೂ ಇದ್ದರು. ಊರಿನಲ್ಲಿ ಮದುವೆ ದಿಬ್ಬಣಗಳು ನಿಜವಾಗಿಯೂ ಹೋಗುತ್ತಿದ್ದವು. ನಗಾರಿಯನ್ನು ದಿನವೂ ಬಾರಿಸುತ್ತಿದ್ದರು. ಕಾವಲುಗಾರನಿಗೆ ಆಗಲೇ ಗೊತ್ತಿದ್ದ ಸಂಗತಿಗಳಿಂದಲೇ ಸುಳ್ಳನ್ನು ನೇಯ್ದಿದ್ದರು. ತಡೆದವನಿಗೆ ಹೊಸದೇನನ್ನೂ ನಂಬುವ ಅಗತ್ಯ ಬೀಳಲಿಲ್ಲ. ಹಳೆಯದನ್ನೇ ಇನ್ನೊಂದು ಸಲ ನಂಬಿದ. ಪೋಕರ್ ಬಲ್ಲವರು ಬ್ಲಫ್ ‘ಕಥೆಗೆ ಹೊಂದಬೇಕು’ ಎನ್ನುವುದು ಇದನ್ನೇ.

ಆ ರಾತ್ರಿಯ ಕಥೆಗೆ ಜನ ಸೇರಿಸಿದ ಬಾಲವೊಂದಿದೆ. ಎತ್ತುಗಳ ಕೊಂಬಿಗೆ ಪಂಜು ಕಟ್ಟಿ ಕಾತ್ರಜ್ ಘಾಟಿನ ಕಡೆ ಓಡಿಸಿದರಂತೆ. ಮೊಗಲರು ಆ ಬೆಳಕಿನ ಬೆನ್ನು ಹತ್ತಿದರಂತೆ. ಶಿವಾಜಿ ಅಷ್ಟರಲ್ಲಿ ಸಿಂಹಗಡ ಸೇರಿದನಂತೆ. ಪುಣೆಯ ಮಕ್ಕಳಿಗೆಲ್ಲ ಗೊತ್ತಿರುವ ಕಥೆ ಇದು, ಐತಿಹ್ಯವೆಂದೇ ಇಟ್ಟುಕೊಳ್ಳೋಣ. ಇದೇ ತಂತ್ರ ಇತಿಹಾಸದಲ್ಲಿ ದಾಖಲಾಗಿರುವುದು ಇಟಲಿಯಲ್ಲಿ. ಕ್ರಿಸ್ತಪೂರ್ವ 217ರಲ್ಲಿ ಕಾರ್ಥೇಜಿನ ಹ್ಯಾನಿಬಲ್ ಸುಮಾರು ಎರಡು ಸಾವಿರ ಎತ್ತುಗಳ ಕೊಂಬಿಗೆ ಬೆಂಕಿ ಕಟ್ಟಿ ಬೆಟ್ಟದ ಮೇಲೆ ಅಟ್ಟಿದ. ಕಣಿವೆ ಕಾಯುತ್ತಿದ್ದ ರೋಮನ್ನರು ಆ ಬೆಳಕಿನ ಕಡೆ ಓಡಿದರು, ಅವನ ಸೈನ್ಯ ಖಾಲಿಯಾದ ಕಣಿವೆಯಿಂದ ಹೊರಗೆ ನಡೆಯಿತು. ರೋಮನ್ನರ ಸೇನಾಪತಿ ಫೇಬಿಯಸ್ ಆ ರಾತ್ರಿ ಬಿಡಾರ ಬಿಟ್ಟು ಕದಲಲಿಲ್ಲ. ಬೆಂಕಿ ಅವನಿಗೂ ಕಂಡಿತ್ತು, ಅದೇನೋ ಉಪಾಯವಿರಬೇಕೆಂಬ ಅನುಮಾನವೂ ಬಂದಿತ್ತು. ಕತ್ತಲಲ್ಲಿ ಹೊರಬಿದ್ದು ನೋಡುವುದು ದುಬಾರಿ ಎನಿಸಿ ಸುಮ್ಮನಿದ್ದ. ನಮ್ಮ ಎರಡನೆಯ ಪ್ರಶ್ನೆ ಇಲ್ಲಿ ಬರುತ್ತದೆ. ಎದುರಾಳಿ ನಿಮ್ಮನ್ನು ನಂಬಲೇಬೇಕೆಂದಿಲ್ಲ. ನಿಜವೋ ಸುಳ್ಳೋ ಎಂದು ನೋಡುವ ಖರ್ಚು ಅವನಿಗೆ ಹೆಚ್ಚೆನಿಸಿದರೆ ಸಾಕು.

ಆ ಖರ್ಚನ್ನು ರೂಪಾಯಿಯಲ್ಲಿ ಲೆಕ್ಕ ಹಾಕಬಹುದು. ನಡುವೆ 100 ರೂಪಾಯಿ ಇದೆ, ಕೊನೆಯ ಸುತ್ತು, ನೀವು ಮತ್ತು ನಾನು ಇಬ್ಬರೇ. ನಾನು 100 ಕಟ್ಟುತ್ತೇನೆ. ನೀವು 100 ಕೊಟ್ಟು ನನ್ನ ಎಲೆ ನೋಡಬಹುದು, ಇಲ್ಲವೇ ಕೈಬಿಡಬಹುದು. ಮೂರು ಸಲ ಹೀಗೆ ಕಟ್ಟಿದಾಗ ಎರಡು ಸಲ ನನ್ನ ಹತ್ತಿರ ನಿಮ್ಮನ್ನು ಸೋಲಿಸುವ ಎಲೆ ಇರುತ್ತದೆ, ಒಂದು ಸಲ ಇರುವುದಿಲ್ಲ ಎಂದುಕೊಳ್ಳಿ. ನೀವು ಮೂರೂ ಸಲ ನೋಡಿದರೆ, ನಡುವಿನ 100 ಮತ್ತು ನಿಮ್ಮ 100 ಸೇರಿ 200ರಂತೆ ಎರಡು ಸಲ ನನಗೆ ಬಂತು, ಒಂದು ಸಲ ನಾನು ಕಟ್ಟಿದ 100 ಹೋಯಿತು: ನಿವ್ವಳ 300. ನೀವು ಮೂರೂ ಸಲ ಕೈಬಿಟ್ಟರೆ ನೂರರಂತೆ ಮೂರು ಸಲ: ಆಗಲೂ 300. ನೋಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ನೀವು ಎಷ್ಟು ಜಾಣರಾದರೂ ನನ್ನ ಆ ಮುನ್ನೂರಕ್ಕೆ ಕುತ್ತು ತರಲಾರಿರಿ.

ಈಗ ನಾನು ಸತ್ಯಸಂಧನಾಗಿ, ಒಳ್ಳೆಯ ಎಲೆ ಬಂದಾಗಷ್ಟೇ ಕಟ್ಟುತ್ತೇನೆ ಎನ್ನಿ. ಎರಡು ದಿನದಲ್ಲಿ ನಿಮಗೆ ಅದು ತಿಳಿಯುತ್ತದೆ. ನಾನು ಕಟ್ಟಿದೊಡನೆ ನೀವು ಎದ್ದುಬಿಡುತ್ತೀರಿ. ಎರಡು ಒಳ್ಳೆಯ ಕೈಗೆ ನೂರು ನೂರು, ಮೂರನೆಯದಕ್ಕೆ ಸೊನ್ನೆ: ಒಟ್ಟು 200. ಸುಳ್ಳು ಹೇಳದಿದ್ದಕ್ಕೆ ನೂರು ರೂಪಾಯಿ ದಂಡ. ಇನ್ನೊಂದು ತುದಿಗೆ ಹೋಗಿ, ಎರಡು ನಿಜಕ್ಕೆ ಎರಡು ಸುಳ್ಳು ಬೆರೆಸಿದೆ ಎನ್ನಿ. ಅದೂ ನಿಮಗೆ ತಿಳಿಯುತ್ತದೆ, ನೀವು ಪ್ರತಿಸಲ ನೋಡುತ್ತೀರಿ. ನನಗೆ ಬಂದದ್ದು 400, ಹೋದದ್ದು 200. ನಾಲ್ಕು ಕೈಗೆ ಉಳಿದದ್ದು 200, ಅಂದರೆ ಕೈಗೆ ಐವತ್ತು. ಮೊದಲಿನ ಲೆಕ್ಕದಲ್ಲಿ ಕೈಗೆ ನೂರು ಬರುತ್ತಿತ್ತು.

ನಡುವೆ ಇರುವಷ್ಟೇ ಕಟ್ಟಿದರೆ ಮೂರರಲ್ಲಿ ಒಂದು ಸುಳ್ಳು, ಅದರ ಅರ್ಧ ಕಟ್ಟಿದರೆ ನಾಲ್ಕರಲ್ಲಿ ಒಂದು. ಕಟ್ಟುವ ಮೊತ್ತ ದೊಡ್ಡದಾದಷ್ಟೂ ಸುಳ್ಳಿಗೆ ಜಾಗ ಹೆಚ್ಚು, ಏಕೆಂದರೆ ಎದುರಾಳಿಗೆ ಪರೀಕ್ಷೆ ಮಾಡುವ ಬೆಲೆಯೂ ಹೆಚ್ಚುತ್ತದೆ. ಒಳ್ಳೆಯ ಆಟಗಾರನ ತಲೆಯಲ್ಲಿ ಓಡುವುದು ಈ ಗಣಿತ.

ಈ ದಾರಿ ತೋರಿದವನು ಬುಡಾಪೆಸ್ಟ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಗಣಿತಜ್ಞ ಜಾನ್ ಫಾನ್ ನಾಯ್ಮನ್. ಆಟಗಳ ಬಗೆಗಿನ ಅವನ ಮೊದಲ ಪ್ರಬಂಧ ಬಂದದ್ದು 1928ರಲ್ಲಿ. ಅರ್ಥಶಾಸ್ತ್ರಜ್ಞ ಮಾರ್ಗೆನ್‌ಸ್ಟರ್ನ್ ಜೊತೆ ಬರೆದ ದೊಡ್ಡ ಪುಸ್ತಕ ಬಂದದ್ದು 1944ರಲ್ಲಿ. ಅದರಲ್ಲಿ ಪೋಕರಿಗೆಂದೇ ಒಂದು ಭಾಗವಿದೆ. ಆಟವನ್ನು ಸರಳಗೊಳಿಸಿ ಅವನು ಕಂಡುಕೊಂಡದ್ದು ಮೊದಲ ಓದಿಗೆ ವಿಚಿತ್ರವೆನಿಸುತ್ತದೆ. ಬಹಳ ಒಳ್ಳೆಯ ಎಲೆ ಇದ್ದಾಗ ಕಟ್ಟಬೇಕು, ತೀರಾ ಕೆಟ್ಟ ಎಲೆ ಇದ್ದಾಗಲೂ ಕಟ್ಟಬೇಕು, ನಡುಮಧ್ಯದ ಎಲೆ ಇದ್ದಾಗ ಸುಮ್ಮನಿರಬೇಕು. ನಡುಮಧ್ಯದ ಎಲೆ ಕೆಲವೊಮ್ಮೆ ತಾನೇ ಗೆಲ್ಲುತ್ತದೆ; ಅದನ್ನಿಟ್ಟುಕೊಂಡು ಸುಳ್ಳು ಹೇಳಿದರೆ ಇದ್ದ ಸಣ್ಣ ಸತ್ಯವೂ ಹೋಗುತ್ತದೆ. ತೀರಾ ಕೆಟ್ಟ ಎಲೆಗೆ ಕಳೆದುಕೊಳ್ಳಲು ಏನೂ ಇಲ್ಲ. ಬ್ಲಫ್‌ನಿಂದ ಎರಡು ಲಾಭ ಎಂಬುದೂ ಅವನ ಲೆಕ್ಕವೇ. ಎದುರಾಳಿ ಹೆದರಿ ಬಿಟ್ಟರೆ ಆಗಿನ ಹಣ ಸಿಗುವುದು ಒಂದು. ಸಿಕ್ಕಿಬಿದ್ದರೂ, ಮುಂದೆ ನಿಜವಾಗಿ ಒಳ್ಳೆಯ ಎಲೆ ಬಂದಾಗ ಎದುರಾಳಿ ನಂಬದೆ ಹಣ ಕೊಡುವುದು ಇನ್ನೊಂದು.

ಈ ಎರಡೂ ಲಾಭಗಳನ್ನು ಒಂದೇ ರಾತ್ರಿ ತೋರಿಸಿದ ಪಂದ್ಯವೊಂದಿದೆ. 2003ರ ವರ್ಲ್ಡ್ ಸೀರೀಸ್ ಆಫ್ ಪೋಕರ್, ಲಾಸ್ ವೇಗಾಸ್. 839 ಜನರಲ್ಲಿ ಕೊನೆಗೆ ಉಳಿದವರು ಇಬ್ಬರು: ಪಳಗಿದ ಆಟಗಾರ ಸ್ಯಾಮ್ ಫರ್ಹಾ ಮತ್ತು ಟೆನೆಸಿ ರಾಜ್ಯದ ಲೆಕ್ಕಪತ್ರದ ನೌಕರ ಕ್ರಿಸ್ ಮನಿಮೇಕರ್. ಹೆಸರು ನಿಜದ್ದೇ. ಆಡಿದ್ದು ಟೆಕ್ಸಸ್ ಹೋಲ್ಡೆಮ್. ಅದರಲ್ಲಿ ಪ್ರತಿಯೊಬ್ಬನಿಗೆ ಎರಡು ಮುಚ್ಚಿದ ಎಲೆ. ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ, ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಒಂದು. ಪ್ರತಿ ಹಂತದಲ್ಲೂ ಹಣ ಕಟ್ಟಬಹುದು.

ಮನಿಮೇಕರ್ ಕೈಯಲ್ಲಿ ಇಸ್ಪೀಟ್ ರಾಜ ಮತ್ತು ಆಟಿನ್ ಏಳು. ಫರ್ಹಾ ಕೈಯಲ್ಲಿ ಇಸ್ಪೀಟ್ ರಾಣಿ ಮತ್ತು ಆಟಿನ್ ಒಂಬತ್ತು. ಮೇಜಿನ ಮೇಲೆ ಬಿದ್ದದ್ದು ಇಸ್ಪೀಟ್ ಒಂಬತ್ತು, ಡೈಮಂಡ್ ಎರಡು, ಇಸ್ಪೀಟ್ ಆರು. ಫರ್ಹಾಗೆ ಒಂಬತ್ತರ ಜೋಡಿ ಆಯಿತು. ನಾಲ್ಕನೆಯ ಎಲೆ ಇಸ್ಪೀಟ್ ಎಂಟು. ಈಗ ಮನಿಮೇಕರ್ ಹತ್ತಿರ ಆಗಿರುವುದು ಏನೂ ಇಲ್ಲ, ಆಗಬಹುದಾದದ್ದು ಬಹಳ. ಇನ್ನೊಂದು ಇಸ್ಪೀಟ್ ಬಿದ್ದರೆ ಐದೂ ಒಂದೇ ಬಣ್ಣ. ಐದೋ ಹತ್ತೋ ಬಿದ್ದರೆ ಆರು ಏಳು ಎಂಟು ಒಂಬತ್ತಿನ ಸಾಲು ತುಂಬುತ್ತದೆ. ಫರ್ಹಾ ಕಟ್ಟಿದ್ದರ ಮೇಲೆ ಅವನು ಇನ್ನೂ ಐದು ಲಕ್ಷ ಚಿಪ್ ಏರಿಸಿದ. ಡೇವಿಡ್ ಸ್ಕ್ಲಾನ್ಸ್ಕಿ ಎಂಬ ಪೋಕರ್ ಲೇಖಕ ಇಂಥದಕ್ಕೆ ಇಟ್ಟ ಹೆಸರು ಸೆಮಿ-ಬ್ಲಫ್: ಈಗ ಎದುರಾಳಿ ಬಿಟ್ಟರೆ ಸರಿ, ಬಿಡದಿದ್ದರೂ ಮುಂದಿನ ಎಲೆ ಕಾಪಾಡಬಹುದು. ಫರ್ಹಾ ಬಿಡಲಿಲ್ಲ. ಕೊನೆಯ ಎಲೆ ಆಟಿನ್ ಮೂರು. ಕಾಪಾಡಲಿಲ್ಲ.

ಅಲ್ಲಿಗೆ ನಿಲ್ಲಿಸಿದ್ದರೆ ಮನಿಮೇಕರ್ ಆ ಕೈಯನ್ನು ಸೋಲುತ್ತಿದ್ದ. ಅವನು ಇದ್ದ ಚಿಪ್ಪನ್ನೆಲ್ಲ ಮುಂದಕ್ಕೆ ತಳ್ಳಿದ. ಫರ್ಹಾ ಬಹಳ ಹೊತ್ತು ಯೋಚಿಸಿದ. ನಿನ್ನ ಬಣ್ಣ ಕೂಡಲಿಲ್ಲವೇನೋ ಎಂದು ಬಾಯಿಬಿಟ್ಟು ಕೇಳಿಯೂ ಬಿಟ್ಟ. ಊಹೆ ಅಕ್ಷರಶಃ ಸರಿಯಿತ್ತು. ಆದರೂ ಎಲೆ ಎಸೆದ. ಮನಿಮೇಕರ್ ಮೊದಲಿಂದ ಕಟ್ಟಿಕೊಂಡು ಬಂದ ರೀತಿ ನಿಜವಾಗಿ ದೊಡ್ಡ ಎಲೆ ಇದ್ದವನ ರೀತಿಗೇ ಹೊಂದುತ್ತಿತ್ತು. ತಪ್ಪಾದರೆ ತೆರಬೇಕಾದದ್ದು ಇಡೀ ಪಂದ್ಯ. ಸ್ವಲ್ಪ ಹೊತ್ತಿಗೆ ಇನ್ನೊಂದು ಕೈ ಬಂತು. ಮೇಜಿನ ಮೇಲೆ ಗುಲಾಮ, ಐದು, ನಾಲ್ಕು. ಫರ್ಹಾ ತನ್ನ ಗುಲಾಮನ ಜೋಡಿಯ ಮೇಲೆ ಎಲ್ಲವನ್ನೂ ಕಟ್ಟಿದ. ಮನಿಮೇಕರ್ ಕೈಯಲ್ಲಿದ್ದದ್ದು ಐದು ಮತ್ತು ನಾಲ್ಕು, ಎರಡು ಜೋಡಿ. ಪಂದ್ಯ ಮುಗಿಯಿತು, ಬಹುಮಾನ 25 ಲಕ್ಷ ಡಾಲರ್. ಮೊದಲ ಕೈಯ ಅನುಮಾನವೇ ಫರ್ಹಾನನ್ನು ಎರಡನೆಯ ಕೈಗೆ ತಳ್ಳಿತು ಎಂದು ನನ್ನ ಓದು. ನೂರು ಡಾಲರಿಗೂ ಕಡಿಮೆಯ ಆನ್‌ಲೈನ್ ಪಂದ್ಯ ಗೆದ್ದು ಅಲ್ಲಿಗೆ ಬಂದಿದ್ದ ನೌಕರನೊಬ್ಬ ಚಾಂಪಿಯನ್ ಆದದ್ದನ್ನು ಟಿವಿಯಲ್ಲಿ ನೋಡಿದವರು ಮರುವರ್ಷ ಮುಗಿಬಿದ್ದರು. 839 ಇದ್ದ ಸಂಖ್ಯೆ 2004ರಲ್ಲಿ 2,576ಕ್ಕೆ ಏರಿತು. ಆ ಅಲೆ ನಮ್ಮವರೆಗೂ ಬಂದಿದೆ: ಬೆಂಗಳೂರಿನ ಸಂತೋಷ್ ಸುವರ್ಣ 2024ರಲ್ಲಿ ಇದೇ ಸರಣಿಯ ಎರಡೂವರೆ ಲಕ್ಷ ಡಾಲರ್ ಪ್ರವೇಶ ಶುಲ್ಕದ ಪಂದ್ಯ ಗೆದ್ದು 54 ಲಕ್ಷ ಡಾಲರ್ ತಂದರು.

ಹಾಗಾದರೆ ಮುಖಕ್ಕೆ ಬೆಲೆಯೇ ಇಲ್ಲವೇ? ಸ್ವಲ್ಪ ಇದೆ. ಮೈಕ್ ಕ್ಯಾರೋ ಎಂಬ ಆಟಗಾರ 1984ರಲ್ಲಿ ಹಾವಭಾವಗಳ ಮೇಲೆ ಒಂದು ಪುಸ್ತಕವನ್ನೇ ಬರೆದ. ಅದರ ಸಾರ ಇಷ್ಟು: ನಟಿಸುವವನು ತಿರುಗುಮುರುಗಾಗಿ ನಟಿಸುತ್ತಾನೆ. ನಿಟ್ಟುಸಿರು ಬಿಟ್ಟು ಭುಜ ಹಾರಿಸಿ ಹಣ ಕಟ್ಟುವವನ ಕೈಯಲ್ಲಿ ಎಲೆ ಇದೆ. ಎದೆಯುಬ್ಬಿಸಿ ದಿಟ್ಟಿಸುವವನ ಕೈಯಲ್ಲಿ ಇಲ್ಲ. ಆದರೆ ಈ ವಾದದ ಮಿತಿಯನ್ನು ತೋರಿಸಿದ್ದು ಒಂದು ಯಂತ್ರ. 2017ರ ಜನವರಿಯಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ತುಯೊಮಸ್ ಸ್ಯಾಂಡ್‌ಹೋಮ್ ಮತ್ತು ನೋಮ್ ಬ್ರೌನ್ ರೂಪಿಸಿದ ‘ಲಿಬ್ರಾಟಸ್’ ಎಂಬ ಪ್ರೋಗ್ರಾಮ್ ನಾಲ್ವರು ವೃತ್ತಿಪರರ ವಿರುದ್ಧ 1,20,000 ಕೈ ಆಡಿ 17 ಲಕ್ಷಕ್ಕೂ ಹೆಚ್ಚು ಚಿಪ್ ಗೆದ್ದಿತು. ಅದಕ್ಕೆ ಮುಖವಿಲ್ಲ, ಎದೆ ಡವಗುಟ್ಟುವುದಿಲ್ಲ, ಮನುಷ್ಯರ ಆಟ ನೋಡಿ ಕಲಿತದ್ದೂ ಅಲ್ಲ. ತನ್ನೊಂದಿಗೆ ತಾನೇ ಆಡಿ ಕಲಿತು, ಬ್ಲಫ್ ಮಾಡುವುದನ್ನೂ ತಾನೇ ಕಂಡುಕೊಂಡಿತು. ಸಣ್ಣ ಮೊತ್ತ ಬಿದ್ದಿರುವಾಗ ಅದರ ಹಲವು ಪಟ್ಟು ಕಟ್ಟಿ, ಮನುಷ್ಯ ಆಟಗಾರರು ಮುಟ್ಟದ ಕಡೆಗೂ ಹೋಗಿ ಕಂಗೆಡಿಸಿತು. ಯಂತ್ರಕ್ಕೆ ಸುಳ್ಳು ಹೇಳುವ ಆಸೆ ಎಲ್ಲಿಂದ ಬರಬೇಕು? ಲೆಕ್ಕ ಸರಿಯಾಗಿ ಹಾಕಿದಾಗ ಬ್ಲಫ್ ತಾನಾಗಿಯೇ ಉತ್ತರದಲ್ಲಿ ಬಂದು ಕೂತಿತು.

ಲೆಕ್ಕ ಹಾಕದವರ ಮನೆಗೂ ಒಮ್ಮೆ ಹೋಗಿ ಬರೋಣ. ಬಲಿಪಾಡ್ಯಮಿಯ ರಾತ್ರಿ ಇಸ್ಪೀಟ್ ಹಿಡಿಯುವ ರೂಢಿ ಪುಣೆಯಲ್ಲಿ ನೆಲೆಸಿದ ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಇನ್ನೂ ಇದೆ. ಕೋಥ್ರೂಡಿನ ಒಂದು ಮನೆ. ಫರಾಳದ ತಟ್ಟೆ ಪಕ್ಕಕ್ಕೆ ಸರಿಸಿ, ತಲೆಗೆ ಹತ್ತು ರೂಪಾಯಿ ಬೂಟ್, ಅಂದರೆ ಆರಂಭದ ಪಣ, ಇಟ್ಟು ಮೂರೆಲೆ ಶುರುವಾಗಿತ್ತು. ಮನೆಯ ಹಿರಿಯರು ಬ್ಯಾಂಕಿನಿಂದ ನಿವೃತ್ತರಾದವರು. ಜೋಡಿಗಿಂತ ಕಡಿಮೆ ಬಂದರೆ ಎಲೆ ಇಟ್ಟುಬಿಡುವವರು, ಆದ್ದರಿಂದ ಅವರು ಕಟ್ಟಿದರೆಂದರೆ ಎಲ್ಲರೂ ಕೈಬಿಟ್ಟು ಪ್ಯಾಕ್. ರಾತ್ರಿಯೆಲ್ಲ ಅವರಿಗೆ ಸಿಕ್ಕಿದ್ದು ಬೂಟಿನ ಚಿಲ್ಲರೆ. ಹಿಂಜವಡಿಯ ಕಂಪನಿಯೊಂದರಲ್ಲಿ ಕೆಲಸ ಮಾಡುವ ಸೊಸೆ ಎಲೆ ಮುಟ್ಟದೆ ಬ್ಲೈಂಡ್ ಹೋಗುತ್ತಲೇ ಇದ್ದಳು. ಉಳಿದವರು ಬಿಟ್ಟು ಇಬ್ಬರೇ ಉಳಿದರು. ಬ್ಲೈಂಡ್ ಆಡುವವರು ಹತ್ತು ಇಟ್ಟರೆ ಎಲೆ ನೋಡಿದವರು ಇಪ್ಪತ್ತು ಇಡಬೇಕು. ಎದುರಿನವರು ಬ್ಲೈಂಡ್ ಇರುವಾಗ ನೋಡಿದವರು ಶೋ ಕೇಳುವಂತಿಲ್ಲ, ಅಂದರೆ ಎಲೆ ತೋರಿಸು ಎನ್ನುವಂತಿಲ್ಲ, ಎಂಬುದು ಬಹಳ ಮನೆಗಳ ನಿಯಮ. ಮೂರು ಸುತ್ತು ಇಪ್ಪತ್ತಿಪ್ಪತ್ತು ಇಟ್ಟ ಮಾವನವರು ತಡೆಯಲಾರದೆ ಎಲೆ ಎಸೆದರು. ಒಂಬತ್ತರ ಜೋಡಿ! ಸೊಸೆ ಆಗ ತನ್ನ ಎಲೆ ತಿರುವಿದಳು: ಮೂರು, ಆರು, ಗುಲಾಮ.

‘ನೋಡಲಾರ್ದನ ಆಡಿದೆಲ್ಲವಾ, ಅದ್ರಾಗ ಏನೈತಂತ ನಿನಗ ಗೊತ್ತಿತ್ತೇನ?’

‘ನನಗೂ ಗೊತ್ತಿರಲಿಲ್ರೀ ಮಾಮಾ. ಆದ್ರ ನಿಮಗೂ ಗೊತ್ತಿರಲಿಲ್ಲಲ್ರೀ.’

ಎಲ್ಲರೂ ನಕ್ಕರು. ಲೆಕ್ಕ ನೋಡಿದರೆ ಮಾವನವರು ನಗುವ ಹಾಗಿರಲಿಲ್ಲ. ಆರಂಭದ ಅಂಕಿಗಳ ಪ್ರಕಾರ, ಮುಚ್ಚಿದ ಮೂರೆಲೆ ಒಂಬತ್ತರ ಜೋಡಿಯನ್ನು ಮೀರುವುದು ನೂರಕ್ಕೆ ಸುಮಾರು ಹದಿನೈದು ಸಲ ಮಾತ್ರ. ಎಂಬತ್ತೈದು ಸಲ ಗೆಲ್ಲುವ ಕೈಯನ್ನು ಅವರು ಎಸೆದರು. ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಎಲೆ ನೋಡದವಳ ಹಣ ಎಲೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಒಳ್ಳೆಯ ಎಲೆ ಇದೆ ಎಂಬ ಸುಳ್ಳನ್ನು ಅವಳು ಹೇಳಿಯೇ ಇರಲಿಲ್ಲ. ಹೇಳದ ಸುಳ್ಳನ್ನು ಮಾವನವರು ತಾವೇ ಹೇಳಿಕೊಂಡು ತಾವೇ ನಂಬಿದರು. ಮೂರೆಲೆಯಲ್ಲಿ ಸೋಲುವವರಲ್ಲಿ ಬಹಳ ಜನ ಸೋಲುವುದು ಹೀಗೆಯೇ: ಅವರನ್ನು ಹೆದರಿಸುವುದು ಎದುರಿನ ಎಲೆಯಲ್ಲ, ಸುತ್ತು ಸುತ್ತಿಗೂ ಏರುವ ಹಣ.

ಆದರೆ ನಮ್ಮ ಕಾನೂನು ನೋಡಿದ್ದು ಎಲೆಯನ್ನು ಮಾತ್ರ. ರಮ್ಮಿ ಮುಖ್ಯವಾಗಿ ಕೌಶಲದ ಆಟ, ಬಿದ್ದ ಎಲೆ ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಬುದ್ಧಿ ಬೇಕು ಎಂದು ಸುಪ್ರೀಂ ಕೋರ್ಟ್ 1967ರಲ್ಲಿ ಆಂಧ್ರದ ಸತ್ಯನಾರಾಯಣ ಪ್ರಕರಣದಲ್ಲಿ ಹೇಳಿತು. ಅದೇ ತೀರ್ಪಿನಲ್ಲಿ, ಫ್ಲಶ್, ಬ್ರ್ಯಾಗ್ ಮುಂತಾದ ಹೆಸರಿನ ಮೂರೆಲೆ ಆಟ ಬರೀ ಅದೃಷ್ಟದ್ದು ಎಂದೂ ಸೇರಿಸಿತು. ಹಂಚಿದ ಎಲೆ ಬದಲಾಗುವುದಿಲ್ಲ ಎಂಬುದು ನಿಜ. ಆದರೆ ಸೊಸೆ ಗೆದ್ದ ಆ ಕೈಯನ್ನು ತೀರ್ಮಾನಿಸಿದ್ದು ಎಲೆಯಾಗಿರಲಿಲ್ಲ. ಎಲೆ ತೋರಿಸುವ ಮೊದಲೇ ಮುಗಿಯುವ ಪ್ರತಿ ಕೈಯಲ್ಲೂ ಗೆಲ್ಲಿಸುವುದು ಹಣ ಕಟ್ಟುವ ವಿವೇಕ, ಸೋಲಿಸುವುದು ಅದರ ಕೊರತೆ. ಪೋಕರ್ ಪರ ವಕೀಲರು ನ್ಯಾಯಾಲಯಗಳಲ್ಲಿ ಹಿಡಿದ ಎಳೆ ಇದೇ. ಫಲ ಒಂದೊಂದು ಕಡೆ ಒಂದೊಂದು ಥರ. ಕೌಶಲದ ಆಟವಾಗಿ ಆಡುವುದಾದರೆ ಪೋಕರಿಗೆ ಪರವಾನಗಿ ಬೇಕಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು; ಅದು ಅದೃಷ್ಟದ ಆಟವೆಂದು ಗುಜರಾತ್ ಹೈಕೋರ್ಟ್ 2017ರಲ್ಲಿ ಹೇಳಿತು. ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ತಂದು, ಕೌಶಲವೋ ಅದೃಷ್ಟವೋ ಎಂಬ ಭೇದವನ್ನೇ ಬದಿಗಿಟ್ಟು, ಹಣ ಕಟ್ಟುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಆಡುವವರಿಗೆ ಶಿಕ್ಷೆ ಇಲ್ಲ.

ನಿಷೇಧ ಬೇಕಿತ್ತೇ ಎಂಬ ಚರ್ಚೆ ಬೇರೆ. ಸಾಲ ಮಾಡಿ ಆಡಿ ಮನೆ ಮಾರಿದವರು ನಮ್ಮ ಊರುಗಳಲ್ಲೂ ಇದ್ದಾರೆ, ಅವರ ಮುಂದೆ ಫಾನ್ ನಾಯ್ಮನ್ ಗಣಿತ ಹೇಳುವುದು ಅಧಿಕಪ್ರಸಂಗ. ಆ ಗಣಿತ ಹಿಡಿದು ಆಡುವವನಿಗೂ ನಷ್ಟದ ದಿನಗಳಿರುತ್ತವೆ. ಅವನು ಹೊಟ್ಟೆಗಿಟ್ಟ ಹಣವನ್ನು ಮೇಜಿಗೆ ತರುವುದಿಲ್ಲ ಅಷ್ಟೇ. ಕೈಬಿಡುವುದನ್ನು ಕಲಿಯದವನು ಬ್ಲಫ್ ಕಲಿತು ಪ್ರಯೋಜನವಿಲ್ಲ.

ಇದಕ್ಕೂ ಶಿವಾಜಿಯ ಕಥೆಯಲ್ಲೇ ಸಾಕ್ಷಿ ಇದೆ. ಲಾಲ್ ಮಹಲಿನ ರಾತ್ರಿಗೆ ಸುಮಾರು ಮೂರೂವರೆ ವರ್ಷ ಹಿಂದೆ, 1659ರ ನವೆಂಬರಿನಲ್ಲಿ, ಬಿಜಾಪುರದಿಂದ ಹೊರಟು ಬಂದ ಸೇನಾಪತಿ ಅಫ್ಜಲ್ ಖಾನನ ಎದುರು ಶಿವಾಜಿ ಆಡಿದ್ದು ತದ್ವಿರುದ್ಧದ ಆಟ. ಹೆದರಿಕೆಯಾಗಿದೆ, ಕ್ಷಮಿಸಬೇಕು ಎಂಬಂತೆ ಹೇಳಿ ಕಳುಹಿಸಿ, ಖಾನನನ್ನು ಪ್ರತಾಪಗಡದ ಬುಡಕ್ಕೆ ಕರೆಸಿಕೊಂಡ. ಬಲವಿದ್ದೂ ಬಲವಿಲ್ಲದಂತೆ ತೋರುವ ಈ ತಂತ್ರಕ್ಕೆ ಪೋಕರಿನಲ್ಲಿ ಸ್ಲೋ-ಪ್ಲೇ ಎನ್ನುತ್ತಾರೆ. ಅದೇ ಶಿವಾಜಿ 1665ರಲ್ಲಿ ಮೊಗಲ್ ಸೇನಾಪತಿ ಮಿರ್ಜಾ ರಾಜಾ ಜಯಸಿಂಹ ಪುರಂದರ ಕೋಟೆಗೆ ಮುತ್ತಿಗೆ ಹಾಕಿದಾಗ ಕೊನೆಗೆ ಎಲೆ ಕೆಳಗಿಟ್ಟ. ಜಯಸಿಂಹ ಕಥೆ ನಂಬುವವನಲ್ಲ, ಖರ್ಚಿಗೆ ಅಂಜುವವನೂ ಅಲ್ಲ. ಜೂನಿನಲ್ಲಿ ಒಪ್ಪಂದವಾಯಿತು. ಇದ್ದ 35 ಕೋಟೆಗಳಲ್ಲಿ 23 ಬಿಟ್ಟುಕೊಟ್ಟು 12 ಉಳಿಸಿಕೊಂಡ. ಬಿಟ್ಟುಕೊಟ್ಟವುಗಳಲ್ಲಿ ಸಿಂಹಗಡವೂ ಒಂದು. 1670ರ ಫೆಬ್ರುವರಿಯಲ್ಲಿ ಶಿವಾಜಿಯ ಸರದಾರ ತಾನಾಜಿ ಪ್ರಾಣ ಕೊಟ್ಟು ಅದನ್ನು ಮರಳಿ ಗೆದ್ದ. ಐದು ವರ್ಷ ಹಿಂದೆ ಎಲೆ ಕೆಳಗಿಟ್ಟದ್ದರಿಂದಲೇ ಈ ಆಟಕ್ಕೆ ಚಿಪ್ ಉಳಿದಿತ್ತು.

ಇಸ್ಪೀಟ್ ಮುಟ್ಟದವರಿಗೂ ಈ ಲೆಕ್ಕ ಬೇಕಾಗುವ ಕಾಲ ಬಂದಿದೆ. ಪುಣೆಯಲ್ಲೂ ಬೆಂಗಳೂರಲ್ಲೂ ದಿನಬೆಳಗಾದರೆ ಪತ್ರಿಕೆಯಲ್ಲಿ ‘ಡಿಜಿಟಲ್ ಅರೆಸ್ಟ್’ ಸುದ್ದಿ. ಪೊಲೀಸ್ ಸಮವಸ್ತ್ರದವನೊಬ್ಬ ವಿಡಿಯೊ ಕರೆ ಮಾಡಿ, ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕವಸ್ತು ಸಿಕ್ಕಿದೆ, ನಿಮ್ಮ ಆಧಾರ್ ಸಂಖ್ಯೆ ಇದು, ಕರೆ ಕತ್ತರಿಸಿದರೆ ಬಂಧಿಸುತ್ತೇವೆ, ಮನೆಯವರಿಗೂ ಹೇಳಕೂಡದು ಎನ್ನುತ್ತಾನೆ. ಓದಿದವರು, ದೊಡ್ಡ ಹುದ್ದೆಯಲ್ಲಿದ್ದವರು ಜೀವಮಾನದ ಉಳಿತಾಯ ಕೊಟ್ಟುಬಿಟ್ಟಿದ್ದಾರೆ. ಮೋಸಗಾರ ಹಿಡಿದಿರುವುದು ಲಾಲ್ ಮಹಲಿನ ಹಳೆಯ ಸೂತ್ರವನ್ನೇ: ಆಧಾರ್ ಸಂಖ್ಯೆ ನಿಜ, ಪೊಲೀಸ್ ಇಲಾಖೆ ನಿಜ, ಪಾರ್ಸೆಲ್ ತರಿಸುವ ಅಭ್ಯಾಸವೂ ನಿಜ, ಇವುಗಳ ನಡುವೆ ಒಂದೇ ಒಂದು ಸುಳ್ಳು. ಒಂದು ವಿಷಯದಲ್ಲಿ ಮಾತ್ರ ಅವನ ಆಟ ಬೇರೆ. ಫರ್ಹಾ ಎಲೆ ನೋಡಬೇಕಿದ್ದರೆ ಇಡೀ ಪಂದ್ಯವನ್ನೇ ಪಣಕ್ಕಿಡಬೇಕಿತ್ತು. ಫೇಬಿಯಸ್ ನೋಡಬೇಕಿದ್ದರೆ ಸೈನ್ಯವನ್ನು ಕತ್ತಲಿಗೆ ನೂಕಬೇಕಿತ್ತು. ಇಲ್ಲಿ ನೋಡುವುದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಕರೆ ಕತ್ತರಿಸಿ ಮಗಳಿಗೋ ಪಕ್ಕದ ಮನೆಯವರಿಗೋ ಹೇಳಬಹುದು, ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಬಹುದು, ಹತ್ತಿರದ ಠಾಣೆಗೆ ನಡೆದುಕೊಂಡೇ ಹೋಗಿ ವಿಚಾರಿಸಬಹುದು. ಅದಕ್ಕೇ ಅವನು ಗಂಟೆಗಟ್ಟಲೆ ಪರದೆಯ ಮುಂದೆ ಕೂರಿಸಿ, ಯಾರಿಗೂ ಹೇಳಬೇಡಿ ಎಂದು ಮತ್ತೆ ಮತ್ತೆ ಬೆದರಿಸುವುದು. ನಿಜವಾದ ಪೊಲೀಸರು ನೋಟಿಸ್ ಕೊಡುತ್ತಾರೆ, ಠಾಣೆಗೆ ಕರೆಸುತ್ತಾರೆ, ವಕೀಲರನ್ನು ಕರೆತರುತ್ತೇನೆ ಎಂದರೆ ಬೇಡವೆನ್ನುವುದಿಲ್ಲ. ಕೈಯಲ್ಲಿ ಎಲೆ ಇರುವವನು ಶೋ ಕೇಳಬೇಡ ಎಂದು ಗೋಗರೆಯುವುದಿಲ್ಲ.